ಭಾಷಣ ಎಣಿಸುವ ಕಂಪ್ಯೂಟರೂ ನಮ್ಮ ದೊಡ್ಡಮ್ಮನೂ

ಭಾಷಣ ಕೇಳಿ ಟೈಪ್ ಮಾಡುವವನಿಗೆ ನಗುವ ಪ್ರಸಂಗ ವಾರಕ್ಕೊಂದಾದರೂ ಸಿಕ್ಕೇ ಸಿಗುತ್ತದೆ. ನಕ್ಕ ಮೇಲೆ ಯಾಕಾದರೂ ನಕ್ಕೆನೋ ಅನ್ನಿಸುವುದೂ ಉಂಟು.

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಅರ್ಜಿ ಇವೇ ನನ್ನ ಕಸುಬು. ಒಂದು ದಿನ ಸಂಶೋಧನೆ ಮಾಡುವ ಮೇಡಂ ಒಬ್ಬರು ಬಂದರು. ನಮ್ಮ ಕಡೆಯ ಮುಖಂಡರೊಬ್ಬರು ನಾಲ್ಕು ತಾಲ್ಲೂಕುಗಳಲ್ಲಿ ಮಾಡಿದ ಭಾಷಣಗಳ ರೆಕಾರ್ಡಿಂಗ್ ಅವರ ಹತ್ತಿರ ಇತ್ತು. ಅದನ್ನು ನಾನು ಟೈಪ್ ಮಾಡಿಕೊಟ್ಟರೆ, ಯಾವ ವಿಷಯ ಎಷ್ಟು ಸಲ ಬಂದಿದೆ ಎಂದು ಕಂಪ್ಯೂಟರು ಎಣಿಸಿ ಹೇಳುತ್ತದಂತೆ. ಮೂರು ನಿಯಮ ಬರೆದುಕೊಟ್ಟರು. ಮುಖಂಡರ ಮಾತು ಮಾತ್ರ ಟೈಪ್ ಮಾಡಬೇಕು. ಜನ ಮಧ್ಯೆ ಬಾಯಿ ಹಾಕಿದರೆ ‘ಗದ್ದಲ’ ಎಂದಷ್ಟೇ ಹಾಕಬೇಕು. ಕನ್ನಡ ಅಲ್ಲದ್ದನ್ನು ಬಿಟ್ಟುಬಿಡಬೇಕು. ಆ ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡೆ. ಅಂಟಿಸಿಕೊಳ್ಳಬಾರದಿತ್ತು.

ವೇದಿಕೆ

ಮೊದಲ ಎಣಿಕೆ ಆದಮೇಲೆ ಮೇಡಂ ಫೋನ್ ಮಾಡಿದರು.

“ಸರ್, ಇವರಿಗೆ ನೀರು, ರಸ್ತೆಗಿಂತ ವೇದಿಕೆ ಮೇಲೇ ಕಾಳಜಿ ಜಾಸ್ತಿ ಅಂತ ಬರ್ತಿದೆ. ರಂಗಮಂದಿರ ಏನಾದ್ರೂ ಕಟ್ಟಿಸ್ತಿದ್ದಾರಾ?”

ನಮ್ಮ ಕಡೆ ಭಾಷಣ ಶುರುವಾಗುವುದೇ ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು. ಕೂತ ಒಬ್ಬೊಬ್ಬರ ಹೆಸರಿಗೂ ಅದೊಂದು ಸಲ ಬರಬೇಕು. ಒಬ್ಬರ ಹೆಸರು ಬಿಟ್ಟುಹೋದರೂ ಅವರು ಶಾಲು ಕೊಡವಿಕೊಂಡು ಎದ್ದು ಹೋಗುತ್ತಾರೆ. ಇದನ್ನೆಲ್ಲ ಬಿಡಿಸಿ ಹೇಳಿದೆ.

“ಹಾಗಾದ್ರೆ ಕಂಪ್ಯೂಟರ್ ತಪ್ಪು ಹೇಳ್ತಿದೆ ಅನ್ನಿ.”

“ಇಲ್ಲ ಮೇಡಂ. ಅದರ ಮೇಲಿಂದ ಇಳೀರಿ ಅಂತ ಒಂದ್ಸಲ ಹೇಳಿ ನೋಡಿ, ಕಾಳಜಿ ಎಷ್ಟಿದೆ ಅಂತ ಗೊತ್ತಾಗುತ್ತೆ.”

ಕೆಮ್ಮು

ಗೌರಿಬಿದನೂರಿನ ಭಾಷಣವನ್ನು ಕಂಪ್ಯೂಟರು ತಳ್ಳಿಹಾಕಿತು. ಅದು ಶಿಡ್ಲಘಟ್ಟದ ಭಾಷಣದ ನಕಲು ಅಂತೆ. ಮೇಡಂಗೆ ಸಿಟ್ಟು ಬಂತು. “ಒಂದನ್ನೇ ಟೈಪ್ ಮಾಡಿ ಎರಡು ಹೆಸರಲ್ಲಿ ಕಳ್ಸಿದ್ದೀರಿ” ಅಂದರು.

ಎರಡನ್ನೂ ಬೆರಳು ನೋಯುವ ಹಾಗೆ ಟೈಪ್ ಮಾಡಿದ್ದೇನೆ ಎಂದು ಆಣೆ ಮಾಡಿದೆ. ಕೊನೆಗೆ ಅವರೇ ಅಂಗಡಿಗೆ ಬಂದು ಎರಡೂ ರೆಕಾರ್ಡಿಂಗ್ ಹಾಕಿಸಿ ಕೇಳಿದರು. ಶಿಡ್ಲಘಟ್ಟದಲ್ಲಿ ಮುಖಂಡರು ‘ನಿಮ್ಮನ್ನು ನೋಡಿದ ಕೂಡಲೇ ಮಾತೇ ಹೊರಡುತ್ತಿಲ್ಲ’ ಎಂದು ಒಮ್ಮೆ ಕೆಮ್ಮಿದ್ದರು. ಗೌರಿಬಿದನೂರಿನಲ್ಲೂ ಅಲ್ಲೇ ಕೆಮ್ಮಿದ್ದರು. ಶಿಡ್ಲಘಟ್ಟದ ರೇಷ್ಮೆಗೂಡಿನ ವಿಷಯವೂ ಇಲ್ಲಿ ಹಾಗೇ ಬಂದಿತ್ತು.

ಮೇಡಂ ಹೆಡ್‌ಫೋನ್ ತೆಗೆದಿಟ್ಟು, “ಸಾರಿ ಸರ್, ನಕಲು ಮಾಡಿದ್ದು ನೀವಲ್ಲ” ಅಂದರು.

ಕೊಡದ ಮಾತು

ಚಿಂತಾಮಣಿ ಕಡೆ ಜನ ಅರ್ಧ ವಾಕ್ಯ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ನಮ್ಮ ಮುಖಂಡರಿಗೂ ಅಲ್ಲಿ ಒಂದು ಅಭ್ಯಾಸ. ನಮಸ್ಕಾರ, ವಂದನೆ, ಎದುರಾಳಿಯನ್ನು ಬೈಯುವುದು ಕನ್ನಡದಲ್ಲಿ. ಭರವಸೆ ಮಾತ್ರ ತೆಲುಗಿನಲ್ಲಿ, ಮನೆಯವರ ಹತ್ತಿರ ಹೇಳಿದ ಹಾಗೆ. ನಿಯಮದ ಪ್ರಕಾರ ತೆಲುಗನ್ನೆಲ್ಲ ಬಿಟ್ಟೆ. ಚಿಂತಾಮಣಿಯಲ್ಲಿ ಇವರು ಒಂದೇ ಒಂದು ಭರವಸೆಯನ್ನೂ ಕೊಟ್ಟಿಲ್ಲ ಎಂದು ಕಂಪ್ಯೂಟರು ವರದಿ ಕೊಟ್ಟಿತು.

ಇದು ಹೇಗೋ ಮುಖಂಡರ ಹಿಂಬಾಲಕನೊಬ್ಬನ ಕಿವಿಗೆ ಬಿತ್ತು. ಮಾನ ಹೋಯಿತೆಂದು ಜಗಳಕ್ಕೆ ಬಂದನೇನೋ ಅಂದುಕೊಂಡೆ. ಅವನು ಬಂದು ನನ್ನ ಕೈ ಕುಲುಕಿದ.

“ನಮ್ಮಣ್ಣ ಕೊಟ್ಟ ಮಾತಿಗೆ ಯಾವತ್ತೂ ತಪ್ಪಿಲ್ಲ ಅಂತ ಕಂಪ್ಯೂಟರೇ ಹೇಳ್ಬಿಡ್ತಲ್ಲ ಸಾರ್! ಒಂದು ಜೆರಾಕ್ಸ್ ಕೊಡಿ.”

ಗದ್ದಲ

ಇದನ್ನು ಹೇಳುವುದಕ್ಕೆ ನನಗೆ ಈಗಲೂ ನಾಚಿಕೆ.

ಅದೇ ಚಿಂತಾಮಣಿ ಕಡೆಯ ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ನಮ್ಮ ಕೇರಿಯಿಂದ ಸ್ಮಶಾನಕ್ಕೆ ದಾರಿ ಇಲ್ಲ. ಹೆಣ ಹೊತ್ತುಕೊಂಡು ಬೇರೆಯವರ ರಾಗಿ ಹೊಲ ತುಳಿದು ಹೋಗಬೇಕು, ಅವರ ಬೈಗುಳ ಕೇಳಬೇಕು. ದೊಡ್ಡಪ್ಪನನ್ನು ಹಾಗೇ ಒಯ್ದದ್ದು. ಅಂದಿನಿಂದ ಸುತ್ತ ಎಲ್ಲಿ ಸಭೆಯಾದರೂ ದೊಡ್ಡಮ್ಮ ಹೋಗಿ ಮುಂದೆ ನಿಲ್ಲುತ್ತಾರೆ. “ಸ್ಮಶಾನಕ್ಕೆ ದಾರಿ ಯಾವಾಗ ಮಾಡಿಸ್ತೀಯಪ್ಪ? ನಾನು ಹೋಗೋದ್ರೊಳಗೆ ಮಾಡ್ಸು. ನಾನೂ ಬೈಸ್ಕೊಂಡು ಹೋಗ್ಬೇಕಾ?”

ರೆಕಾರ್ಡಿಂಗಿನಲ್ಲಿ ಆ ದನಿ ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತ್ತು. ಪ್ರತಿ ಸಲವೂ ‘ಗದ್ದಲ’ ಎಂದು ಟೈಪ್ ಮಾಡಿದೆ. ನಿಯಮ ಅಂತ ಒಂದು ನೆವ. ಇವರು ನಮ್ಮವರು ಎಂದು ಮೇಡಂಗೆ ಹೇಳುವುದಕ್ಕೆ ಸಂಕೋಚ, ನಿಜವಾದ ಕಾರಣ ಅದು. ಊರಿಗೆ ಹೋದಾಗ ದೊಡ್ಡಮ್ಮ, “ನಾನು ಕೇಳಿದ್ದು ಕಂಪ್ಯೂಟರಿಗೆ ಹೋಯ್ತೇನಪ್ಪ?” ಅಂದರೆ, “ಹೋಯ್ತು ದೊಡ್ಡಮ್ಮ” ಎಂದುಬಿಡುತ್ತಿದ್ದೆ. ಅವರು ಕೇರಿಗೆಲ್ಲ ಹೇಳಿಕೊಂಡು ಬಂದರು.

ನಾಲ್ಕೂ ತಾಲ್ಲೂಕು ಸೇರಿಸಿ ಮಾಡಿದ ಎಣಿಕೆಯಲ್ಲಿ ಎಲ್ಲಕ್ಕಿಂತ ಮೇಲೆ ಬಂದ ವಿಷಯ ‘ಗದ್ದಲ’. ಮೇಡಂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸ್ಮಶಾನ ಆ ಪಟ್ಟಿಯಲ್ಲೇ ಇರಲಿಲ್ಲ.

ಅದೇ ವಾರ ದೊಡ್ಡಮ್ಮ ಬಸ್ಸು ಹತ್ತಿ ಅಂಗಡಿಗೆ ಬಂದರು. “ನಾನು ಮಾತಾಡಿರೋ ಕಾಗ್ದ ಒಂದು ಕೊಡಪ್ಪ, ಪಂಚಾಯ್ತಿಲಿ ತೋರಿಸ್ತೀನಿ.” ಕೊಡಲು ನನ್ನ ಹತ್ತಿರ ಏನಿತ್ತು? ಎಲ್ಲ ಹೇಳಿಬಿಟ್ಟೆ. ಗೋಡೆಯ ಮೇಲಿದ್ದ ಚೀಟಿಯ ಮೊದಲ ಎರಡು ನಿಯಮಗಳನ್ನೂ ಓದಿದೆ. ಅವರು ಬಯ್ಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಚೀಟಿಯ ಕಡೆ ಕೈ ತೋರಿಸಿ, “ಅವನ ಬಾಯಲ್ಲಿ ಬಂದ್ರೆ ಟೈಪ್ ಮಾಡ್ತೀಯಾ?” ಅಂದರು. ಮಾಡುತ್ತೇನೆ ಎಂದು ಮಾತು ಕೊಟ್ಟೆ.

ಮುಂದಿನ ಸಭೆ ಅವರ ಊರಲ್ಲೇ ಆಯಿತು; ಅದನ್ನೂ ಟೈಪ್ ಮಾಡಿಕೊಡಿ ಎಂದು ಮೇಡಂ ಹೇಳಿದ್ದರು. ನಾನೂ ಹೋದೆ. ದೊಡ್ಡಮ್ಮ ನೇರ ವೇದಿಕೆ ಹತ್ತಿ, ಮುಖಂಡರ ಕೈಯಲ್ಲಿದ್ದ ಮೈಕನ್ನು ಅವರ ಬಾಯಿಗೇ ಹಿಡಿದರು.

“ನಾನೇನೂ ಕೇಳಲ್ಲಪ್ಪ. ಸ್ಮಶಾನಕ್ಕೆ ದಾರಿ ಮಾಡಿಸ್ತೀನಿ ಅಂತ ನಿನ್ನ ಬಾಯಲ್ಲಿ ಒಂದ್ಸಲ ಹೇಳ್ಬಿಡು, ಸಾಕು.”

ಜನ ಚಪ್ಪಾಳೆ ತಟ್ಟಿದರು. ಮುಖಂಡರಿಗೆ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ದೊಡ್ಡಮ್ಮನ ಹೆಗಲ ಮೇಲೆ ಕೈಯಿಟ್ಟು, ಕರುಳು ಚುರುಕ್ ಅನ್ನುವ ಹಾಗೆ ಹೇಳಿದರು: “ದಾನಿಕೇಮುಂದಮ್ಮಾ! ತಪ್ಪಕುಂಡಾ ಚೇಯಿಸ್ತಾನು. ನಾದಿ ಪೂಚೀ.”

ಖಂಡಿತ ಮಾಡಿಸುತ್ತೇನೆ, ಜವಾಬ್ದಾರಿ ನನ್ನದು. ಅಚ್ಚ ತೆಲುಗಿನಲ್ಲಿ.

ದೊಡ್ಡಮ್ಮ ಗೆದ್ದ ಮುಖದಲ್ಲಿ ವೇದಿಕೆಯಿಂದಲೇ ನನ್ನನ್ನು ಹುಡುಕಿ ಕೂಗಿದರು. “ಹೇಳ್ದ ಕಣಪ್ಪ! ಈಗ ಟೈಪ್ ಮಾಡ್ಕೋ!”