ಕಾಕಾನ ಮನೆ ಸುಟ್ಟ ಬಗೆಗಳು

ನಮ್ಮ ಕಾಕಾನಷ್ಟು ಧಾರಾಳವಾಗಿ ಸುಳ್ಳು ಹೇಳುವವರು ಇಡೀ ಹಿರೇಕೆರೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ಅವರಿಗೆ ನಾನೇ ಶಾಲು ಹೊದಿಸುತ್ತೇನೆ! ವಿಷಯ ಮಾತ್ರ ಒಂದೇ: ಚಿಕ್ಕೇರೂರಿನ ಅವರ ಹೊಲದ ಮನೆಗೆ ಬೆಂಕಿ ಬಿದ್ದದ್ದು ಹೇಗೆ?

ಎಲ್ಲರೂ ಹೊರಗಿದ್ದ ಒಂದು ಮಧ್ಯಾಹ್ನ ಮನೆ ಸುಟ್ಟಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕಾಕಾ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು, ಹಳೆಯ ತಳಪಾಯದ ಮೇಲೆ ಹೊಸ ಮನೆ ಎಬ್ಬಿಸತೊಡಗಿದರು. ನೋಡಲು ಬಂದವರಿಗೆಲ್ಲ ಚಹಾದ ಜೊತೆ ಒಂದೊಂದು ಇತಿಹಾಸ! ಆ ಚಹಾ ಮಾಡುತ್ತಿದ್ದವರೂ ಅವರೇ. ಬೆಂಕಿ ಬಿದ್ದಂದಿನಿಂದ ಅವರ ಹೆಂಡತಿ, ನಮ್ಮ ಕಾಕು, ಕಡ್ಡಿಪೆಟ್ಟಿಗೆ ಮುಟ್ಟುತ್ತಿರಲಿಲ್ಲ.

ಹಾನಗಲ್ಲಿನ ಬೀಗರಿಗೆ ಇಲಿಯ ಕಥೆ: ದೇವರ ಮುಂದೆ ಉರಿಯುತ್ತಿದ್ದ ಬತ್ತಿಯನ್ನೇ ಕಚ್ಚಿಕೊಂಡು ಅದು ಅಟ್ಟ ಹತ್ತಿತಂತೆ! ಹಂಸಭಾವಿಯ ಗೆಳೆಯರಿಗೆ ತಮ್ಮದೇ ಬೀಡಿಯ ಕಥೆ.

"ನೀ ಬೀಡಿ ಸೇದೂದು ಯಾವಾಗಪಾ?" ಎಂದರು ಗೆಳೆಯರು.

"ಅವತ್ತ ಮೊದಲನೇದು! ರೂಢಿ ಇರಲಿಲ್ಲ, ಎಲ್ಲಿ ಒಗೀಬೇಕು ತಿಳೀಲಿಲ್ಲ."

ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಓದಿದ ನನಗೆ ಒಂದೇ ಕಥೆಯ ಪಾಠಾಂತರಗಳು ಹೊಸವಲ್ಲ. ಆದರೆ ಒಂದು ಮನೆ ಬೂದಿಯಾಗಿರುವಾಗ ಹೊಣೆ ಯಾರಾದರೂ ಹೊರಬೇಡವೇ? ನನ್ನ ಪಾಲಿಗೆ ಬಂದದ್ದು ವಿದ್ಯುತ್ ತಂತಿಯ ಕಥೆ. ಬಿಡುತ್ತೇನೆಯೇ! ಊರಿನ ಲೈನ್‌ಮನ್‌ನನ್ನು ಅಂಗಳದಲ್ಲೇ ನಿಲ್ಲಿಸಿ ಉತ್ತರದಾಯಿತ್ವದ ಕುರಿತು ಭಾಷಣ ಬಿಗಿದೆ.

"ಅಕ್ಕಾರ, ಅವತ್ತ ಇಡೀ ದಿನ ಊರಾಗ ಕರೆಂಟ ಇರಲಿಲ್ಲರಿ," ಎಂದ ಆತ ಮೆಲ್ಲಗೆ.

"ಅದಕ್ಕ ನೋಡವಾ!" ಎಂದರು ಕಾಕಾ, ರೆಪ್ಪೆ ಕೂಡ ಬಡಿಯದೆ. "ಇಲ್ಲದ್ದು ಒಮ್ಮೆಲೆ ಬಂದ್ರ ತಂತಿ ತಡೀತೈತೇನು?"

ಗೃಹಪ್ರವೇಶದ ದಿನ ಬಂತು. ಹೊಸ ಒಲೆಯ ಮೇಲೆ ಹಾಲು ಉಕ್ಕಬೇಕು. ಒಲೆ ಹಚ್ಚಬೇಕಾದವರು ಮನೆಯೊಡತಿ. ಎಷ್ಟು ಕರೆದರೂ ಕಾಕು ಗೋಡೆ ಬಿಟ್ಟು ಬರಲಿಲ್ಲ. ನೆಂಟರ ಪಿಸುಮಾತು ಏಳುತ್ತಿದ್ದಂತೆ ಕಾಕಾ ದನಿಯೇರಿಸಿದರು: "ಖರೇ ಸಂಗತಿ ಹೇಳ್ತೇನಿ ಕೇಳ್ರಿ. ಅವತ್ತ ಒಂದು ಬೆಕ್ಕು..."

"ನಿಮ್ಮನ್ಯಾಗ ಬೆಕ್ಕ ಎಲ್ಲಿತ್ತು ಕಾಕಾ?" ನಾನು ಎಲ್ಲರೆದುರೇ ಗದರಿದೆ. "ಇವತ್ತರ ಹೇಳ್ರಿ, ತಪ್ಪು ಯಾರ್ದು?"

"ನಂದು," ಎಂದರು ಕಾಕು. "ಒಲಿ ಆರಸದ ಹೊಲಕ್ಕ ಹ್ವಾದಾಕಿ ನಾನ. ಪಾಪ, ಇವರು ಇಲಿ ಮ್ಯಾಲ ಹಾಕಿದ್ರು, ತಂತಿ ಮ್ಯಾಲ ಹಾಕಿದ್ರು, ಕಡೀಕ ತಮ್ಮ ಮ್ಯಾಲೂ ಹಾಕ್ಕೊಂಡ್ರು."

ಕಾಕಾ ಹೋಗಿ, ಕಡ್ಡಿಪೆಟ್ಟಿಗೆಯನ್ನು ಕಾಕುವಿನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.

"ಹಚ್ಚು. ಸುಟ್ರ ಮತ್ತ ಕಟ್ಟೋಣು. ಬೆಕ್ಕಿನ ಕಥಿ ಇನ್ನೂ ಬಾಕಿ ಐತಿ."

ಕಾಕು ಕಣ್ಣೊರೆಸಿಕೊಂಡು ನಕ್ಕರು, ಕಡ್ಡಿ ಗೀರಿದರು. ಹಾಲು ಉಕ್ಕುವವರೆಗೂ ಕಾಕಾ ಒಲೆಯ ಪಕ್ಕದಿಂದ ಕದಲಲಿಲ್ಲ.