ದಿನಾ ಸಂಜೆ ಆರಕ್ಕೆ ಆಕಾಶ

ನಮ್ಮ ಅಣ್ಣನಿಗೆ ಮರೆವು ಜಾಸ್ತಿ ಎಂದು ಹೇಳುವವರೆಲ್ಲ ಶುದ್ಧ ಸುಳ್ಳುಗಾರರು. ಮರೆಯಬೇಕಾದರೆ ವಿಷಯ ಮೊದಲು ತಲೆಯೊಳಗೆ ಹೋಗಬೇಕಲ್ಲ! ಅಣ್ಣನ ತಲೆಯ ಬಾಗಿಲಿಗೆ ಯಾವಾಗಲೂ ಒಂದು ಮೋಡ ಅಡ್ಡ ನಿಂತಿರುತ್ತದೆ.

ಅಣ್ಣ ಎಂದರೆ ನನ್ನ ದೊಡ್ಡಮ್ಮನ ಮಗ. ಹುಬ್ಬಳ್ಳಿಯ ಪಕ್ಕದ ಗಬ್ಬೂರಿಗೆಂದು ಹೊರಟು, ಯಾವುದೋ ಬಸ್ ಹತ್ತಿ, ಕಿಟಕಿಯಾಚೆ ನೋಡುತ್ತ ನೋಡುತ್ತ ಧಾರವಾಡದಲ್ಲಿ ಇಳಿದವನು. "ತಪ್ಪು ಬಸ್ ಹತ್ತಿದ್ಯೇನೋ?" ಎಂದು ದೊಡ್ಡಮ್ಮ ಬೈದರೆ, "ಬಸ್ ಛಲೋ ಇತ್ತವ್ವಾ, ಊರಷ್ಟ ತಪ್ಪಿತು" ಎಂದ. ಇಂಥವನಿಗೆ ಸಿಕ್ಕ ಕೆಲಸ ಯಾವುದು ಗೊತ್ತೇ? ಊರಿಗೆಲ್ಲ ನೆನಪು ಮಾಡಿಕೊಡುವ ಕೆಲಸ!

ನಾವಿಬ್ಬರೂ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿದ್ದೇವೆ. ಕುಡಿಯುವ ನೀರಿನ ಫಿಲ್ಟರ್ ಮಾರುವುದು, ಆಮೇಲೆ ಕಾಲಕಾಲಕ್ಕೆ ಮನೆಗೆ ಹೋಗಿ ಸರ್ವೀಸ್ ಮಾಡುವುದು ಅಲ್ಲಿಯ ವ್ಯವಹಾರ. ಗಿರಾಕಿಗಳ ಫೋನ್ ಎತ್ತುವವಳು ನಾನು. ಯಾರ ಸರ್ವೀಸ್ ಯಾವಾಗ ಎಂದು ತಾನೇ ನೋಡಿಕೊಂಡು, ತಾನೇ ಮೆಸೇಜ್ ಕಳಿಸುವ ವೆಬ್ ಆಪ್ ಬರೆದವನು ಅಣ್ಣ. ಅದಕ್ಕೆ ಒಮ್ಮೆ ಹೇಳಿಟ್ಟರೆ ಮುಗಿಯಿತು. ದಿನಾ ಎಂದರೆ ದಿನಾ, ತಿಂಗಳಿಗೊಮ್ಮೆ ಎಂದರೆ ತಿಂಗಳಿಗೊಮ್ಮೆ, ಬೇಸರವಿಲ್ಲದೆ ಅದೇ ಕೆಲಸ ಮಾಡುತ್ತಿರುತ್ತದೆ.

"ನೆನಪ ಇಡೂದು ಅದರ ಕೆಲಸ. ಇನ್ನ ನಾ ಆರಾಮ" ಎಂದು ಅಣ್ಣ ತನ್ನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಮೊದಲು ಎಡವಿದ್ದು ಶುಭೋದಯ. ಬೆಳಗ್ಗೆ ಆರಕ್ಕೆ ಗಿರಾಕಿಗಳಿಗೆ ಹೋಗಬೇಕಾದ ಶುಭೋದಯ, ಅವರು ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ತಲುಪತೊಡಗಿತು. ಮಾಲಕರು ಕೂಗಾಡಿದರು.

"ಸರ್ವರ್ ಲಂಡನ್ ಟೈಮಿನ್ಯಾಗ ಐತ್ರಿ. ಅಲ್ಲಿ ಈಗ ಬೆಳಗ ಆಗಾಕತ್ತೇತಿ" ಎಂದ ಅಣ್ಣ, ಆ ಬೆಳಗು ಕಣ್ಣೆದುರೇ ಕಾಣುತ್ತಿದೆಯೇನೋ ಎಂಬಂತೆ.

"ನಮ್ಮ ಗಿರಾಕಿಗೋಳು ಹಳೇ ಹುಬ್ಬಳ್ಳ್ಯಾಗ ಅದಾರೋ ಮಾರಾಯಾ!"

ಅದನ್ನು ಸರಿಪಡಿಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಬ್ಬರ ಫೋನು. ಅವರ ಸರ್ವೀಸನ್ನು ಪ್ರತಿ ತಿಂಗಳು ಮೂವತ್ತೊಂದಕ್ಕೆ ಎಂದು ಹಾಕಿದ್ದ ಪುಣ್ಯಾತ್ಮ. ಮೂವತ್ತೊಂದು ಇಲ್ಲದ ತಿಂಗಳಲ್ಲಿ ಆಪ್ ಸುಮ್ಮನೆ ಮಲಗಿಬಿಟ್ಟಿತ್ತು. "ಏನ್ರಿ, ಫೆಬ್ರವರಿಯೊಳಗ ನಾವು ನೀರು ಕುಡಿಯೂದಿಲ್ಲೇನು?" ಎಂದರು ಗಿರಾಕಿ. ಅಣ್ಣನಿಗೆ ಹೇಳಿದೆ. ಅವನ ಕಣ್ಣಲ್ಲಿ ಕರುಣೆ ಉಕ್ಕಿತು. ಗಿರಾಕಿಯ ಮೇಲಲ್ಲ, ಆಪ್ ಮೇಲೆ! "ಪಾಪ, ಮೂವತ್ತೊಂದು ಬರಲಿ ಅಂತ ಕಾಯಕೋಂತ ಕುಂತಿತ್ತು ಅದು."

ಈಗ ಮಾಲಕರು ಅವನ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿಸಿದರು. ಸಂಜೆಯಾದದ್ದು ಅವನಿಗೆ ತಿಳಿಯದಾಯಿತು. ಮೀನನ್ನು ನೀರಿನಿಂದ ತೆಗೆದಂತಾಯಿತು ನೋಡಿ. ಅದಕ್ಕೇ ತನಗಾಗಿ ಒಂದು ಮೆಸೇಜ್ ಬರೆದುಕೊಂಡ: 'ಆರಾತು. ಒಮ್ಮಿ ಹೊರಗ ಬಂದು ಆಕಾಶ ನೋಡ್ರಿ.' ತನಗೆ ತಾನೇ 'ನೋಡ್ರಿ' ಅನ್ನುತ್ತಾನೆಯೇ ಎಂದು ಕೇಳಬೇಡಿ. ಧಾರವಾಡ ಸೀಮೆಯವರು ನಾವು, ಮರ್ಯಾದೆಯನ್ನು ಮನೆಯಿಂದಲೇ ಶುರು ಮಾಡುತ್ತೇವೆ! ದಿನಾ ಎಂದು ಒತ್ತಿದ, ಸಂಜೆ ಆರು ಎಂದು ಒತ್ತಿದ. ಯಾರಿಗೆ ಎಂಬಲ್ಲಿ ಮಾತ್ರ ತನ್ನ ಹೆಸರನ್ನು ಬಿಟ್ಟು 'ಎಲ್ಲ ಗಿರಾಕಿಗಳಿಗೆ' ಎಂಬುದನ್ನು ಒತ್ತಿದ. ತನಗೆ ಮೆಸೇಜ್ ಬರುತ್ತಿಲ್ಲ ಎಂಬುದೂ ಅವನ ಗಮನಕ್ಕೆ ಬರಲಿಲ್ಲ.

ಊರು ಆಕಾಶ ನೋಡತೊಡಗಿತು. ಒಣಗಿದ ಸೀರೆ ತೆಗೆಯಲು ಮಾಳಿಗೆಗೆ ಬಂದವರು ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಹಾಗೇ ನಿಂತರಂತೆ. ತಕ್ಕಡಿ ಹಿಡಿದ ವ್ಯಾಪಾರಿ ಮೇಲೆ ನೋಡಿದ, ಅವನೇನು ನೋಡುತ್ತಿದ್ದಾನೆಂದು ಕೊಳ್ಳುವವನೂ ನೋಡಿದ. ಬೆಳ್ಳಕ್ಕಿಗಳು ಮನೆಗೆ ಹೋಗುವ ದಾರಿ ಎಷ್ಟೋ ಜನಕ್ಕೆ ಆಗಲೇ ಗೊತ್ತಾಗಿದ್ದು. ಇದೆಲ್ಲ ಮಾಲಕರಿಗೆ ತಿಳಿದದ್ದು ಅವರ ಮನೆಯಿಂದಲೇ.

"ನನ್ನ ಹೇಣ್ತಿ ದಿನಾ ಆರಕ್ಕ ಮಾಳಗಿ ಮ್ಯಾಲ ಹೋಗಿ ನಿಂದರತಾಳ! ಚಾ ಕೇಳಿದ್ರ, 'ನಿಮ್ಮ ಅಂಗಡಿಯವರ ಹೇಳ್ಯಾರ' ಅಂತಾಳ! ತಮ್ಮಾ, ಇನ್ನೊಮ್ಮೆ ಹಿಂಗಾತಂದ್ರ ನೀ ಕಾಯಂ ಆಕಾಶ ನೋಡಕೋಂತ ಇರಬಹುದು."

ದೊಡ್ಡಮ್ಮನ ಮನೆ ನಡೆಯುವುದು ಅಣ್ಣನ ಸಂಬಳದ ಮೇಲೆ. ಆ ಮೆಸೇಜನ್ನು ಅಂದೇ ಅಳಿಸಿಬಿಟ್ಟ.

ಮೆಸೇಜ್ ನಿಂತ ಮರುದಿನ ಹಳೇ ಹುಬ್ಬಳ್ಳಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು.

"ನಿನ್ನಿ ಸಂಜಿ ಮೆಸೇಜ ಯಾಕ ಬರಲಿಲ್ರಿ?"

"ಅದು ತಪ್ಪಿ ಬರತಿತ್ರಿ ಅಕ್ಕಾರ."

"ತಪ್ಪಿ?" ಎಂದರು ಅವರು. "ನಾ ದಿನಾ ಹೊಲಿಗಿ ಮಷಿನ್ ಮುಂದ ಕುಂತಾಕಿರಿ. ಮೆಸೇಜ ಬಂದ್ರ ಎದ್ದು ಕಟ್ಟಿಗೆ ಬರತಿದ್ದೆ. ಎದುರಮನಿಯಾಕೀನೂ ಬರತಿದ್ಲು, ಆಕೀದೂ ನಿಮ್ಮದ ಫಿಲ್ಟರ್. ನಳದ ನೀರಿನ ಸಂಬಂಧ ಜಗಳ ಆಗಿ ನಾವು ಮಾತ ಬಿಟ್ಟು ಭಾಳ ದಿನ ಆಗಿತ್ರಿ. ಮೊದಮೊದಲ ಇಬ್ರೂ ಬರೇ ಮ್ಯಾಲ ನೋಡಿ ಒಳಗ ಹೋಗತಿದ್ವಿ. ಒಂದಿನ ಆಕಿ, 'ನಿಮಗೇನರ ಕಾಣಸ್ತೇನ್ರಿ?' ಅಂದ್ಲು. 'ಏನೂ ಇಲ್ರಿ' ಅಂದೆ. ಇಬ್ರೂ ನಕ್ವಿ."

"ಈಗೂ ಹೊರಗ ಬರ್ರಲ್ಲ ಅಕ್ಕಾರ, ಅದಕ್ಕೇನಾತು?"

"ಹೆಂಗ ಬರಲ್ರಿ? ನಾ ಮೊದಲ ಬಂದು ನಿಂತ್ರ, ಆಕೀನ್ನ ಕಾಯಾಕತ್ತೇನಿ ಅಂತ ಗೊತ್ತಾಗೂದಿಲ್ಲೇನು?"

ಅಣ್ಣನಿಗೆ ಹೇಳಿದೆ. ಕಂಪ್ಯೂಟರಿನತ್ತ ಕೈ ಚಾಚಿದ, ಮಾಲಕರತ್ತ ನೋಡಿದ, ಕೈ ಹಿಂದೆಗೆದ. ಸಂಜೆ ಸ್ಕೂಟರ್ ಚಾಲೂ ಮಾಡಿ, "ಹತ್ತು, ಲಗೂ ಹೋಗೂಣು" ಎಂದ. ಹಳೇ ಹುಬ್ಬಳ್ಳಿಯ ಅಷ್ಟೊಂದು ಓಣಿಗಳಲ್ಲಿ ಒಂದು ತಿರುವೂ ತಪ್ಪಲಿಲ್ಲ!

ಎದುರುಬದುರು ಎರಡು ಮುಚ್ಚಿದ ಬಾಗಿಲು. ಒಂದರೊಳಗಿಂದ ಹೊಲಿಗೆ ಮಷಿನ್ನಿನ ಸದ್ದು. ಅಣ್ಣ ಓಣಿಯ ನಡುವೆ ನಿಂತು, ಉಳ್ಳಾಗಡ್ಡಿ ಮಾರುವವನಂತೆ ದನಿ ಎತ್ತಿದ:

"ಆರಾತ್ರೀ... ಒಮ್ಮಿ ಹೊರಗ ಬಂದು ಆಕಾಶ ನೋಡ್ರೀ..."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾಯಿ ಬೊಗಳಿತು. "ಏನ ಮಾರಾಕತ್ತೀಯೋ?" ಎಂದು ಯಾರೋ ಕೇಳಿದರು.

"ಮಾರೂದಲ್ರಿ, ಪುಕ್ಕಟ ಐತಿ" ಎಂದ ಅಣ್ಣ.

ಮಷಿನ್ನಿನ ಸದ್ದು ನಿಂತಿತು. ಆ ಬಾಗಿಲು ತೆರೆಯಿತು. ತುಸು ತಡೆದು ಎದುರಿನದೂ ತೆರೆಯಿತು. ಎರಡು ಮಾಳಿಗೆಗಳ ನಡುವೆ, ವಯರುಗಳ ಹಿಂದೆ, ಒಂದು ಪಟ್ಟಿಯಷ್ಟು ಕೆಂಪು ಆಕಾಶ. ಇಬ್ಬರೂ ಅದನ್ನು ನೋಡಿದರು.

"ನಿನ್ನಿ ಯಾಕ ಬರಲಿಲ್ರಿ?" ಎಂದರು ಎದುರು ಮನೆಯಾಕೆ.

"ನೀವೂ ಬರಲಿಲ್ಲಲ್ರಿ."

"ನಾ ಬಾಗಲದ ಹಿಂದನ ನಿಂತಿದ್ದೆ."

ಹೊಲಿಗೆಯಾಕೆ ಕಟ್ಟೆಯಿಂದ ಕೆಳಗಿಳಿದು ಓಣಿ ದಾಟಿದರು.

ನಾನು ಅಣ್ಣನತ್ತ ತಿರುಗಿದೆ. ತಲೆಯ ಮೇಲೆ ಅಷ್ಟು ಚೆಂದದ ಆಕಾಶವಿದ್ದರೂ ಅವನು ಕತ್ತೆತ್ತಿರಲಿಲ್ಲ. ಆ ಇಬ್ಬರನ್ನೇ ನೋಡುತ್ತಿದ್ದ. ಕಣ್ಣು ತುಂಬಿದ್ದವು.

"ಹೋಗೂಣೇನಣ್ಣಾ?" ಎಂದೆ.

ಅವನಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಕರೆಯಲು ನನಗೂ ಮನಸ್ಸಾಗಲಿಲ್ಲ.