ಭಾವನ ತಲೆಯೇರಿ ಕುಳಿತ ಪಟ್ಟಿಗೆ

ಮಾನ್ಯ ತಲೆಪಟ್ಟಿಯವರೇ,

ನಗರ ಬಸ್ಸಿನ ಚಾಲಕರಾದ ನನ್ನ ಭಾವನ, ಅಂದರೆ ಅಕ್ಕನ ಗಂಡನ, ಹಣೆಯ ಮೇಲೆ, ಮಿದುಳಿನ ಅಲೆ ಅಳೆದು ತೂಕಡಿಕೆ ಹಿಡಿಯಲೆಂದು ಡಿಪೋದವರು ಕಟ್ಟಿಸಿದ ತಾವು ವಿರಾಜಮಾನರಾದ ದಿನದಿಂದಲೂ ಅವರ ಬೆನ್ನ ಹಿಂದಿನ ಸೀಟಿನಲ್ಲೇ ಓಡಾಡುತ್ತಿರುವ ನಾನು, ತಮ್ಮ ಬ್ಯಾಟರಿಯ ಕ್ಷೇಮವನ್ನು ಕೋರುತ್ತಾ ಎಲ್ಲರೆದುರು ಮಾಡಿಕೊಳ್ಳುವ ಅರಿಕೆ.

ಎಚ್ಚರದ ಮಿದುಳಿನ ಅಲೆ ಚುರುಕು, ತೂಕಡಿಸುವ ಮಿದುಳಿನದು ನಿಧಾನ ಎಂದು ಗ್ರಂಥಾಲಯದಲ್ಲಿ ಕುಳಿತು ಓದಿಕೊಂಡ ಮೇಲೆ ತಮ್ಮ ಮೇಲಿನ ಗೌರವ ಇಮ್ಮಡಿಯಾಗಿದೆ. ತಾವಿಲ್ಲದ ಕಾಲವೂ ನನಗೆ ನೆನಪಿದೆ. 'ನಿದ್ದೆ ಬಂದರೆ ಬಸ್ ನಿಲ್ಲಿಸಿ' ಎಂದು ಡಿಪೋದವರು ಚಾಲಕರ ಎದುರು ಫಲಕ ಅಂಟಿಸಿದ್ದರು. ಅದನ್ನು ನಂಬಿ ನಿಲ್ಲಿಸಿದ ಭಾವನಿಗೆ, ತಡವಾಗಿ ಬಂದದ್ದೇಕೆಂದು ನೋಟಿಸು ಕೊಟ್ಟರು. ಈಗ ಅಂಥ ಅನ್ಯಾಯವಿಲ್ಲ. ಎರಡು ಪಾಳಿ ಒಟ್ಟಿಗೆ ದುಡಿದವನಿಗೆ ನಿದ್ದೆ ಬರುತ್ತದೆಂಬ ಮಹಾ ಸತ್ಯವನ್ನು ತಾವು ವೈಜ್ಞಾನಿಕವಾಗಿ ಪತ್ತೆಹಚ್ಚಿ 'ಪೀಂ' ಎಂದು ಡಿಪೋಗೂ ಸುದ್ದಿ ಮುಟ್ಟಿಸುತ್ತೀರಿ; ಬಸ್ಸು ಡಿಪೋ ತಲುಪುವ ಮೊದಲೇ ನೋಟಿಸು ಸಿದ್ಧವಾಗಿರುತ್ತದೆ. ಇನ್ನೊಮ್ಮೆ ತಾವು ಪೀಂ ಎಂದರೆ ಭಾವ ಸ್ಟೇರಿಂಗ್ ಬಿಟ್ಟು ಬಸ್ಸು ತೊಳೆಯಲು ಹೋಗಬೇಕಂತೆ.

ಅದಕ್ಕೇ ಕಂಡಕ್ಟರು ಒಂದು ಉಪಾಯ ಹೂಡಿದ್ದಾರೆ. ಸಿಟ್ಟು ಬಂದ ತಲೆಯ ಮೇಲೆ ತಾವು ಸುಮ್ಮನಿರುತ್ತೀರೆಂದು ಕಂಡುಕೊಂಡ ಅವರು, ಟಿಕೆಟ್ ಹರಿಯುತ್ತಲೇ ಭಾವನನ್ನು ಕೆಣಕುತ್ತಾರೆ. ಸೊಂಟನೋವು, ಬೋಳುತಲೆ ಎಲ್ಲ ಹಳತಾದ ಮೇಲೆ ಒಂದು ದಿನ, "ಏನಣ್ಣಾ, ನಿಮ್ ಬಾಮೈದ ಇವತ್ತೂ ನಿಮ್ಮನೇಲೇ ಊಟಾನಾ? ಉಪ್ಪು ಕಮ್ಮಿ ಅಂತ ಬೇರೆ ಅಂದ್ರಂತೆ!" ಎಂದರು. ಭಾವ ನೆಟ್ಟಗೆ ಕುಳಿತರು, ಕಿವಿ ಕೆಂಪಾಯಿತು, ಕೊನೆಯ ನಿಲ್ದಾಣದವರೆಗೂ ತಾವು ಚಕಾರವೆತ್ತಲಿಲ್ಲ. ಆ ಬಾಮೈದನಾದ ನಾನು ಪ್ರಯಾಣಿಕರ ಪ್ರಾಣದ ದೃಷ್ಟಿಯಿಂದ ಕಿಟಕಿಯಾಚೆ ನೋಡುತ್ತಿದ್ದೆ.

ಆದರೆ ಬರೀ ಸಿಟ್ಟಿನ ಮೇಲೆ ಬಸ್ಸು ಎಷ್ಟು ದಿನ ಓಡೀತು? ನಿನ್ನೆ ಭಾವ ಎರಡು ನಿಲ್ದಾಣಗಳನ್ನು ಗಮನಿಸದೆ ದಾಟಿಹೋದರು. ತಾವು ಮಾತ್ರ ಒಮ್ಮೆಯೂ ಪೀಂ ಎನ್ನದೆ ಬಹಳ ತೃಪ್ತರಾಗಿದ್ದಿರಿ. ಆದ್ದರಿಂದ ತಾವು ದಯಮಾಡಿ ಪಾಳಿ ಹಂಚುವ ಸಾಹೇಬರ ತಲೆಯ ಮೇಲೂ ಒಂದು ದಿನ ಕೂರಬೇಕು, ಅಲ್ಲಿ ಅಲೆಯೇನಾದರೂ ಎದ್ದರೆ ಪತ್ರಿಕೆಗಳಿಗೆ ತಿಳಿಸಬೇಕು. ಅದಾಗದಿದ್ದರೆ ಪೀಂ ಎನ್ನುವುದನ್ನು ಬಿಟ್ಟು, ಭಾವನಿಗೊಂದು ಹಾಸಿಗೆ ಬಿಡಿಸಿ, ಸ್ಟೇರಿಂಗ್ ತಾವೇ ಹಿಡಿಯಬೇಕು.

ಕಣ್ಣು ಬಿಟ್ಟುಕೊಂಡೇ ಇರುವ ತಮ್ಮ ವಿಶ್ವಾಸಿ,
ಚಾಲಕರ ಬಾಮೈದ

ತಾ.ಕ.: ಸಾರ್ವಜನಿಕ ಹಿತದೃಷ್ಟಿಯಿಂದ ಅಕ್ಕನ ಮನೆಯ ಊಟವನ್ನು ಮುಂದುವರಿಸಿದ್ದೇನೆ. ಆದರೆ ಭಾವನಿಗೆ ಅದು ಅಭ್ಯಾಸವಾಗಿ ಸಿಟ್ಟು ಇಳಿಯುತ್ತಿರುವ ಲಕ್ಷಣಗಳಿವೆ. ಸಾಹೇಬರು ಇನ್ನೊಂದು ಪಾಳಿ ಸೇರಿಸಿದರೆ, ಗಂಟುಮೂಟೆ ಕಟ್ಟಿಕೊಂಡು ಅಲ್ಲೇ ವಾಸಕ್ಕೆ ಹೋಗದೆ ನನಗೆ ಬೇರೆ ದಾರಿಯಿಲ್ಲ.